ಬರದಿದ್ದವರು ಯಾರು?

ಮೈ ಉರಿಯುವಂಥ ಪ್ರಸಂಗಗಳೆಲ್ಲ ನನ್ನ ವಿಳಾಸ ಹುಡುಕಿಕೊಂಡೇ ಬರುತ್ತವೆ. ನಗುವವರು ಮಾತ್ರ ಬೇರೆಯವರು. ಜಮಖಂಡಿಯ ಕಾಲೇಜೊಂದರಲ್ಲಿ ಪಾಠ ಮಾಡುತ್ತ ನಾನು ಪಿಎಚ್‌ಡಿಗೆ ಕೈ ಹಾಕಿದ್ದೆ. ಅದು ಮುಗಿಯದಿದ್ದರೆ ನೌಕರಿ ಕಾಯಂ ಆಗುವಂತಿರಲಿಲ್ಲ. ಚಿಕ್ಕಪಡಸಲಗಿಯ ರೈತರು ಕೃಷ್ಣೆಗೆ ಅಡ್ಡಲಾಗಿ ಬಾಂದಾರ ಕಟ್ಟಿದ್ದನ್ನು ನೋಡಿ ಹುರುಪೆದ್ದು, ಬೀಳಗಿ ಕಡೆಯ ಒಂದು ಊರಿನವರು ತಾವೇ ಕಲ್ಲು ಹೊತ್ತು ತಮ್ಮ ಹಳ್ಳಕ್ಕೊಂದು ಒಡ್ಡು ಹಾಕಿದ್ದರು. ಜನ ಹೇಗೆ ಕೂಡಿ ದುಡಿಯುತ್ತಾರೆ ಎಂಬುದೇ ನನ್ನ ವಿಷಯ. ಹೋಗಿ ಕೇಳಿದರಾಯಿತು, ಅದೇನು ಮಹಾ ಎಂದುಕೊಂಡಿದ್ದೆ.

೧. ಮೊದಲ ಗಿರಾಕಿ

"ಪ್ರಶ್ನೆಗಳನ್ನು ಮೊದಲು ಮನೆಯ ಹತ್ತಿರ ಯಾರ ಮೇಲಾದರೂ ಪ್ರಯೋಗಿಸಿ" ಎಂದು ನಮ್ಮ ಗೈಡ್ ಅಪ್ಪಣೆ ಕೊಡಿಸಿದರು. ನಾನಿದ್ದ ರಬಕವಿಯಲ್ಲಿ ನಮ್ಮ ಪಕ್ಕದ ಮನೆಯವರು ನೇಕಾರರು. ಪಾಪ, ಮಗ್ಗ ನಿಲ್ಲಿಸಿ ಬಂದು ಕುಳಿತರು. ನಿಮ್ಮ ಕೆಲಸ ನಿಮಗೆ ತೃಪ್ತಿ ಕೊಟ್ಟಿದೆಯೇ ಎಂದು ಗಂಭೀರವಾಗಿ ಕೇಳಿದೆ.

"ಐತಿ ಅಂದ್ರ ಏನ್ ಸಿಗತೈತ್ರಿ?"

"ಏನೂ ಸಿಗೂದಿಲ್ರಿ."

"ಇಲ್ಲ ಅಂದ್ರ?"

"ಆಗೂ ಏನಿಲ್ರಿ."

ಅವರು ಎದ್ದು ಹೋಗಿ ಮತ್ತೆ ಮಗ್ಗ ಶುರು ಮಾಡಿದರು. "ಹಂಗಾರ ನಿಮಗ ಹೆಂಗ ಬೇಕೋ ಹಂಗ ಬರಕೊಳ್ರಿ ಅಕ್ಕೋರ. ನಮ್ಮದೇನ ತಕರಾರಿಲ್ಲ."

೨. ಗೈಡ್ ಕೇಳಿ ತೋರಿಸಿದ್ದು

ನನಗೆ ಕೇಳಲು ಬರುವುದಿಲ್ಲವೆಂದು ಗೈಡ್ ಖುದ್ದಾಗಿ ಆ ಊರಿಗೆ ಬಂದರು. ಹೊಲದ ಬದುವಿನ ಮೇಲೆ ಒಬ್ಬ ಹಿರಿಯರನ್ನು ನಿಲ್ಲಿಸಿ, "ಈ ಸಾಮೂಹಿಕ ಸಹಭಾಗಿತ್ವದ ಪ್ರೇರಣೆ ಆಂತರಿಕವೋ ಬಾಹ್ಯವೋ?" ಎಂದರು.

"ಹೌದ್ರಿ" ಎಂದರು ಹಿರಿಯರು.

ಗೈಡ್ ಸಂತೋಷದಿಂದ ಬರೆದುಕೊಂಡರು. "ನೋಡಿದಿರಾ? ಉತ್ತರ ತೆಗೆಯುವುದು ಹೀಗೆ" ಎಂದು ನನಗೆ ಪಾಠ ಹೇಳಿ ಜೀಪು ಹತ್ತಿದರು. ಅದೋ ಇದೋ ಎಂದು ಕೇಳಿದರೆ ಹೌದು ಎನ್ನುವುದು ಯಾವ ಶಾಸ್ತ್ರದ ಉತ್ತರ? ನನಗೆ ತಡೆಯಲಾಗಲಿಲ್ಲ.

"ಕಾಕಾ, ಯಾವುದಕ್ಕ ಹೌದಂದ್ರಿ?"

"ಸಾಹೇಬ್ರು ಬಿಸಲಾಗ ಬೆವರಾಕತ್ತಿದ್ರವಾ. ಲಗೂನ ಮುಗಿಸಿ ನೆರಳಿಗಿ ಹೋಗ್ಲಿ ಅಂತ ಅಂದ್ನಿ."

೩. ಸಿಟ್ಟಿನ ಪ್ರಶ್ನೆ

ಒಡ್ಡು ಯಾರು ಕಟ್ಟಿದಿರಿ ಎಂದರೆ ಇಡೀ ಊರಿಗೆ ಒಂದೇ ಉತ್ತರ: "ಎಲ್ಲಾರೂ ಕೂಡಿ ಕಟ್ಟೇವ್ರಿ." ಬೇಸಿಗೆ ಪೂರ್ತಿ ಅದನ್ನೇ ಬರೆದುಕೊಂಡೆ. ಇದರಲ್ಲಿ ಏನಿದೆ ಎಂದು ಗೈಡ್ ಅಧ್ಯಾಯವನ್ನು ನನ್ನ ಮುಖಕ್ಕೇ ಒಗೆದರು. ಅದೇ ಸಿಟ್ಟಿನಲ್ಲಿ ಆ ಊರಿನ ಚಹಾದಂಗಡಿಯಲ್ಲಿ ಕೇಳಿಯೇಬಿಟ್ಟೆ: "ಕಲ್ಲ ಹೊರಾಕ ಬರದಂವ ಒಬ್ಬನೂ ಇಲ್ಲೇನ್ರಿ ಈ ಊರಾಗ?"

ಅಲ್ಲೇ ಕುಳಿತಿದ್ದ, ಅಂದು ಬದುವಿನ ಮೇಲೆ ಹೌದೆಂದಿದ್ದ ಕಾಕಾ ಚಹಾದ ಬಸಿ ಕೆಳಗಿಟ್ಟರು. "ಯಾಕಿಲ್ರಿ? ನಮ್ಮ ಕಾಕಾನ ಮಗ, ನನ್ನ ತಮ್ಮ ಅದಾನಲ್ಲ. ಕಲ್ಲ ಹೊರೂ ದಿನಾನ ಅವಗ ನಡಾ ಹಿಡೀತಿತ್ತು. ಊಟಕ್ಕ ಕರದ್ರ ನೆಟ್ಟಗಾಗತಿತ್ತು."

ಅಲ್ಲಿಂದ ಎಲ್ಲರೂ ಬಾಯಿ ಬಿಟ್ಟರು. ಯಾರು ಬಂದರು, ಯಾಕೆ ಬಂದರು, ಬರದವರನ್ನು ಹೇಗೆ ಎಳೆದು ತಂದರು, ನನಗೆ ಬೇಕಾದದ್ದೆಲ್ಲ ಅದೇ ಸಂಜೆ ಸಿಕ್ಕಿತು. ಬಸ್ಸಿಗೆ ನಿಂತಾಗ ಆ ನಡ ಹಿಡಿದ ತಮ್ಮ ಓಡಿಯೇ ಬಂದ.

"ಅಣ್ಣ ನನ್ನ ಹೆಸರ ಹೇಳ್ಯಾನಂತ. ತಾನೇನ ಹೊತ್ತಾನ್ರಿ? ಹಳ್ಳದ ದಂಡಿ ಮ್ಯಾಲೆ ನಿಂತು ಹುಷಾರ, ಹುಷಾರ ಅಂತಿದ್ದ."

೪. ಬಹಿರಂಗ ವೈವಾ

ವೈವಾಕ್ಕೆ ಯಾರು ಬೇಕಾದರೂ ಬಂದು ಕೂರಬಹುದು. ತಮ್ಮ ಬಗ್ಗೆ ಏನು ಬರೆದಿದ್ದಾಳೋ ನೋಡೋಣವೆಂದು ಅಣ್ಣತಮ್ಮಂದಿರಿಬ್ಬರೂ ತಲೆಗೆ ಪಟಕಾ ಸುತ್ತಿಕೊಂಡು ಬಂದು, ಹಿಂದಿನ ಬೆಂಚಿನ ಎರಡು ತುದಿಗೆ ಕುಳಿತಿದ್ದರು. ನಾನು ಯಾರ ಹೆಸರನ್ನೂ ಬರೆದಿರಲಿಲ್ಲ.

ಹೊರಗಿನಿಂದ ಬಂದ ಪರೀಕ್ಷಕರು ನನ್ನ ಪ್ರಬಂಧ ಮುಚ್ಚಿ ಪಕ್ಕಕ್ಕಿಟ್ಟರು. "ಹಳ್ಳಿಯ ಮುಗ್ಧ ಜನ ತಮ್ಮವರ ಬಗ್ಗೆ ಹೀಗೆಲ್ಲ ಹೇಳುತ್ತಾರೆಯೇ? ಇದು ಮನೆಯಲ್ಲಿ ಕೂತು ಹೆಣೆದ ಕತೆ" ಎಂದರು. ವರ್ಷಗಟ್ಟಲೆ ಕೆಂಪು ಬಸ್ಸಿನ ಧೂಳು ಕುಡಿದವಳಿಗೆ ಈ ಮಾತು! ಸಿಟ್ಟಿಗೆ ಕಣ್ಣಲ್ಲಿ ನೀರೇ ಬಂತು. ಗೈಡ್ ಮೇಲಿನ ಫ್ಯಾನು ನೋಡುತ್ತ ಕುಳಿತಿದ್ದರು.

"ಊರಿನವರೇ ಬಂದಿದ್ದಾರೆ ಸರ್. ಕಲ್ಲು ಹೊರಲು ಬರದಿದ್ದವರು ಯಾರು ಅಂತ ನೀವೇ ಕೇಳಿ" ಎಂದೆ.

ಪರೀಕ್ಷಕರು ನಗುತ್ತಲೇ ಕೇಳಿದರು. ಕಾಕಾ ತಮ್ಮನ ಕಡೆ, ತಮ್ಮ ಕಾಕಾನ ಕಡೆ ಬೆರಳು ಚಾಚಿ ಒಟ್ಟಿಗೇ ಎದ್ದರು. ಒಬ್ಬರ ಮಾತಿನ ಮೇಲೆ ಇನ್ನೊಬ್ಬರದು. ನಡುವೆ ನಿಂತ ಜವಾನನಿಗೆ ಯಾರನ್ನು ಹಿಡಿಯಬೇಕೆಂದೇ ತಿಳಿಯಲಿಲ್ಲ. ಪರೀಕ್ಷಕರು ಮೇಜು ಕುಟ್ಟಿದರು. "ಆಯಿತು, ನಂಬಿದೆ. ಇವರಿಗೆ ಪದವಿ ಕೊಟ್ಟಿದ್ದೇವೆ, ನೀವು ಕೂತುಕೊಳ್ಳಿ."

ಕಾಕಾ ಕೂಡ್ರಲಿಲ್ಲ.

"ಪದವಿ ಇರ್ಲಿ ಬಿಡ್ರಿ ಸಾಹೇಬ್ರ. ಈಗ ನಮ್ಮ ಓಣಿಯವರ ಲೆಕ್ಕ ಅಷ್ಟ ಆಗೇತಿ. ಮ್ಯಾಲಿನ ಓಣಿ ಇನ್ನ ಹಂಗ ಉಳದೈತಿ. ಪೆನ್ ತಗೀರಿ."