ಮಗಳ ಕೋರ್ಸಿಗಾಗಿ ನಾನು ಎಚ್‌ಒಡಿ ಆದದ್ದು

ನಾನು ಬ್ಯಾಂಕಿನವನು. ಸಾಲ ಕೇಳಲು ಬಂದವನ ಮುಖ ನೋಡಿಯೇ ಅವನ ಜಾತಕ ಹೇಳಬಲ್ಲೆ ಎಂಬ ಹಮ್ಮು ನನಗಿತ್ತು. ಅಂಥವನಿಗೆ ಮಗಳಿಗೊಂದು ಅಗ್ಗದ ಎಂಜಿನಿಯರಿಂಗ್ ಕೋರ್ಸು ಹುಡುಕುವುದು ಯಾವ ಮಹಾ ಕೆಲಸ!

ಮಗಳು ಗೌರಿ ಮನೆಯಲ್ಲೇ ಓದುವವಳು. ಧಾರವಾಡ ಬಿಟ್ಟ ಮೇಲೆ ಬ್ಯಾಂಕು ನನ್ನನ್ನು ಊರೂರು ಅಲೆಸಿ ಕೊನೆಗೆ ವಿಶಾಖಪಟ್ಟಣಕ್ಕೆ ತಂದು ಕೆಡವಿತ್ತು. ಪ್ರತಿ ವರ್ಗಾವಣೆಗೂ ಹೊಸ ಶಾಲೆ, ಹೊಸ ಭಾಷೆ. ರೋಸಿಹೋಗಿ ಅವಳನ್ನು ಮನೆಯಲ್ಲೇ ಕೂರಿಸಿ ಓಪನ್ ಸ್ಕೂಲ್ ಪರೀಕ್ಷೆಗೆ ಕಟ್ಟಿಸಿದ್ದೆವು. ಹುಡುಗಿ ಚೆನ್ನಾಗಿಯೇ ಓದಿದಳು. ಆದರೆ ಮನೆಯ ಮಿಕ್ಸರು, ಇಸ್ತ್ರಿಪೆಟ್ಟಿಗೆ, ಕೊನೆಗೆ ನನ್ನ ಸ್ಕೂಟರನ್ನೂ ಬಿಚ್ಚಿ ನೋಡಿ ಮುಗಿಸಿದ ಮೇಲೆ, ಇನ್ನು ತನಗೆ ನಿಜವಾದ ಯಂತ್ರ ಬೇಕು ಎಂದಳು.

ಕಾಲೇಜುಗಳು ಇಂಟರ್ಮೀಡಿಯೆಟ್, ಅಂದರೆ ನಮ್ಮ ಪಿಯುಸಿ, ಮುಗಿಸಿ ಬನ್ನಿ ಎಂದವು. ರೋಬೊಟಿಕ್ಸ್ ಕಲಿಸುವವರು ಎಸಿ ಕೋಣೆಯಲ್ಲಿ ಕೂರಿಸಿ ಫೀ ಹೇಳಿದರು. ಎಸಿ ಇಲ್ಲದಿದ್ದರೂ ನನ್ನ ಕೈಕಾಲು ತಣ್ಣಗಾಗುತ್ತಿದ್ದವು. ಅಷ್ಟರಲ್ಲಿ ವಿಜಯವಾಡದಲ್ಲಿರುವ ನನ್ನ ಭಾವಮೈದುನ, ಅಲ್ಲಿಯ ಕೋಚಿಂಗ್ ಹಾಸ್ಟೆಲ್ಲೊಂದಕ್ಕೆ ಹಾಕಿಬಿಡಿ, ಎರಡು ವರ್ಷದಲ್ಲಿ ಐಐಟಿ ಎಂದ. ಹೋಗಿ ನೋಡಿದೆವು. ಮಟಮಟ ಮಧ್ಯಾಹ್ನ, ಊಟದ ಸಾಲು. ನೂರಾರು ಮಕ್ಕಳು ತಟ್ಟೆ ಹಿಡಿದು ನಿಂತಿದ್ದರು. ಒಬ್ಬರೂ ಇನ್ನೊಬ್ಬರ ಮುಖ ನೋಡುತ್ತಿರಲಿಲ್ಲ. ಎಲ್ಲರ ತುಟಿಗಳೂ ಸೂತ್ರಗಳನ್ನು ಗೊಣಗುತ್ತಿದ್ದವು. ಗೌರಿ ನನ್ನ ಅಂಗಿಯ ತೋಳು ಹಿಡಿದವಳು ರೈಲು ಹತ್ತುವವರೆಗೂ ಬಿಡಲಿಲ್ಲ. ಆಮೇಲೆ ಮನೆಯಲ್ಲಿ ಏನನ್ನೂ ಬಿಚ್ಚಲಿಲ್ಲ. ನನಗೆ ಭಯವಾದದ್ದು ಅದಕ್ಕೇ.

ಹೆಂಡತಿ ವಿಜಯಾ ಮಾತ್ರ ತೀರ್ಪು ಕೊಟ್ಟಳು. “ಮನ್ಯಾಗ ಕುಂತು ಎಷ್ಟಂತ ಮಿಕ್ಸರ್ ಬಿಚ್ತಾಳ್ರೀ? ಜೂನ್ ಮುಗಿಯೂದ್ರಾಗ ನೀವು ಕೋರ್ಸ್ ಹುಡುಕಲಿಲ್ಲಂದ್ರ ವಿಜಯವಾಡಾಕ್ಕ ಕಳಸೂದೇ ಸೈ.”

ಹುಡುಕಿದೆ. ನಮ್ಮ ಶಾಖೆಗೆ ಬರುವ ಅನಕಾಪಲ್ಲಿಯ ಬೆಲ್ಲದ ವ್ಯಾಪಾರಿಯೊಬ್ಬರು, ಭೀಮುನಿಪಟ್ಟಣದ ಆಚೆ ಒಂದು ಎಂಜಿನಿಯರಿಂಗ್ ಕಾಲೇಜಿದೆ, ಕೇಳಿ ನೋಡಿ ಎಂದರು. ಫೋನು ಮಾಡಿದರೆ ಪ್ರಿನ್ಸಿಪಾಲರೇ ಎತ್ತಿದರು. ಶಾಲೆಗೆ ಹೋಗದ ಹುಡುಗಿಯೇ? ಪರ್ವಾಲೇದು, ಪರವಾಗಿಲ್ಲ. ವಾರಕ್ಕೊಮ್ಮೆ ಮಾತ್ರವೇ? ಪರ್ವಾಲೇದು. ಫೀ? ನಿಮ್ಮಿಷ್ಟ! ಫೋನಿಟ್ಟು ಹೆಂಡತಿಯ ಕಡೆ ದಿಗ್ವಿಜಯಿಯಂತೆ ನೋಡಿದೆ. ಅಷ್ಟು ಅಗ್ಗ ಏಕೆ ಎಂದು ಕೇಳುವ ಬುದ್ಧಿ, ಸಾಲ ಕೊಡುವಾಗ ಇರುವಂಥದ್ದು, ಆಗ ಬರಲಿಲ್ಲ.

ಶನಿವಾರ ಬೆಳಿಗ್ಗೆ ಅಪ್ಪ ಮಗಳು ಹೋದೆವು. ಸಮುದ್ರದ ಕಡೆಯಿಂದ ಮಳೆಯ ಮಬ್ಬು ಕವಿದು ಕಟ್ಟಡದ ಮೇಲಿನ ಅಂತಸ್ತು ಕಾಣುತ್ತಿರಲಿಲ್ಲ. ಗೇಟು ತೆರೆದಿತ್ತು, ಕಾವಲುಗಾರನಿರಲಿಲ್ಲ. ಬಿಕೋ ಎನ್ನುವ ಮೊಗಸಾಲೆ, ಗಾಳಿಗೆ ಒಂದೇ ಸಮನೆ ಬಡಿದುಕೊಳ್ಳುವ ಯಾವುದೋ ಬಾಗಿಲು. ಗೋಡೆಯುದ್ದಕ್ಕೂ ತೀರಿಕೊಂಡ ಅಧ್ಯಾಪಕರ ಫೋಟೋಗಳು. ಎಲ್ಲಕ್ಕೂ ಅಂದೇ ಏರಿಸಿದ ಕನಕಾಂಬರದ ಹಾರ. ಅವುಗಳಲ್ಲಿ ಸಿವಿಲ್ ವಿಭಾಗದವರೊಬ್ಬರ ಹುರಿಮೀಸೆ ಎಷ್ಟು ಭರ್ಜರಿಯಾಗಿತ್ತೆಂದರೆ ನಾನು ನಿಂತು ಕೈಮುಗಿದೆ. ಬದುಕಿದ್ದವರು ಮಾತ್ರ ಒಬ್ಬರೂ ಕಾಣಲಿಲ್ಲ.

ಇದ್ದಕ್ಕಿದ್ದಂತೆ ಗಂಟೆ ಹೊಡೆಯಿತು. ಯಾರೂ ಹೊರಗೆ ಬರಲಿಲ್ಲ, ಯಾರೂ ಒಳಗೆ ಹೋಗಲಿಲ್ಲ. ಒಂದು ಕೋಣೆಯಿಂದ ಪಾಠದ ದನಿ ಕೇಳಿ ಇಣುಕಿದೆವು. ಮುದುಕರೊಬ್ಬರು ಬೋರ್ಡಿನ ಮೇಲೆ ಗಿಯರಿನ ಚಿತ್ರ ಬರೆದು ವಿವರಿಸುತ್ತಿದ್ದರು. ನಡುವೆ ನಿಲ್ಲಿಸಿ, ಅರ್ಥವಾಯಿತೇ ಎಂದು ಕೇಳಿ, ತಲೆಯಾಡಿಸಿ ಮುಂದುವರಿಸುತ್ತಿದ್ದರು. ಬೆಂಚುಗಳೆಲ್ಲ ಖಾಲಿ!

“ಅಪ್ಪಾ, ಅವ್ರು ಯಾರಿಗೆ ಹೇಳಾಕತ್ತಾರ?” ಎಂದು ಗೌರಿ ಪಿಸುಗುಟ್ಟಿದಳು.

ನನ್ನ ಕಾಲುಗಳು ಆಗಲೇ ಗೇಟಿನ ಕಡೆ ತಿರುಗಿದ್ದವು. ಆ ಹೊತ್ತಿಗೆ ಬೆನ್ನ ಹಿಂದೆ ಪ್ರಿನ್ಸಿಪಾಲರು ಸದ್ದಿಲ್ಲದೆ ಬಂದು ನಿಂತಿದ್ದರು. ಪಾಠ ಹೇಳುತ್ತಿದ್ದವರು ಮೂರ್ತಿಗಾರು, ಮೆಕ್ಯಾನಿಕಲ್‌ನವರು ಎಂದು ಪರಿಚಯಿಸಿದರು. ಕಾಲೇಜಿಗೆ ಮಕ್ಕಳು ಸೇರುವುದು ನಿಂತುಹೋಗಿತ್ತು. ಆದರೆ ಕೋಣೆಗೊಂದು ಕ್ಯಾಮೆರಾ. ಪಾಠ ನಡೆಯದ ದಿನ ಸಂಬಳವಿಲ್ಲ. ಹಾಗಾಗಿ ಮೂರ್ತಿಗಾರು ದಿನವೂ ಬೆಂಚುಗಳಿಗೆ ಪಾಠ ಹೇಳುತ್ತಿದ್ದರು. ಗೌರಿಯನ್ನು ಕಂಡು ಅವರು ಸೀಮೆಸುಣ್ಣ ಕೆಳಗಿಟ್ಟರು. ಎಷ್ಟೋ ಕಾಲದ ಮೇಲೆ ಉತ್ತರ ಕೊಡುವ ವಿದ್ಯಾರ್ಥಿ ಸಿಕ್ಕಿದ್ದಕ್ಕೆ ಅವರ ಕಣ್ಣು ತುಂಬಿತ್ತು. ಕೂಡಲೇ ಅವಳನ್ನು ವರ್ಕ್‌ಶಾಪಿಗೆ ಕರೆದೊಯ್ದರು. ಅಲ್ಲಿ ಬಿಳಿ ಬಟ್ಟೆ ಹೊದ್ದ ಯಂತ್ರಗಳು ಸಾಲಾಗಿ ನಿಂತಿದ್ದವು.

ನಾನು ಪ್ರಿನ್ಸಿಪಾಲರ ಕೋಣೆಯಲ್ಲಿ ಕುಳಿತೆ. ಹೊರಗೆ ಕಾರು ನಿಂತ ಸದ್ದಾಯಿತು. ಪ್ರಿನ್ಸಿಪಾಲರ ಮುಖ ಸುಣ್ಣವಾಯಿತು. “ಇನ್‌ಸ್ಪೆಕ್ಷನ್” ಎಂದರು.

ಓದುಗರೇ, ಬೇರೆಯವರಾಗಿದ್ದರೆ ಎದ್ದು ಮನೆಗೆ ಹೋಗುತ್ತಿದ್ದರು. ಆದರೆ ಇಪ್ಪತ್ತು ವರ್ಷ ಬ್ಯಾಂಕಿನಲ್ಲಿ ಸವೆದವನಿಗೆ ಆ ಶಬ್ದ ಕಿವಿಗೆ ಬಿದ್ದರೆ ಬೆನ್ನು ತಾನೇ ನೆಟ್ಟಗಾಗುತ್ತದೆ. ಯಾರ ಶಾಖೆ ಎಂದು ಕೇಳುವುದಿಲ್ಲ! ಅಂಗಿಯ ಗುಂಡಿ ಹಾಕಿಕೊಂಡು ಬಾಗಿಲಲ್ಲಿ ನಿಂತುಬಿಟ್ಟೆ. ಪ್ರಿನ್ಸಿಪಾಲರಿಗೆ ಅಷ್ಟೇ ಸಾಕಾಯಿತು. ಫೋನಿನಲ್ಲಿ ನನ್ನ ಫೋಟೋ ತೆಗೆದು, ಅಚ್ಚು ಹಾಕಿ, ಕೊರಳಿಗೊಂದು ಗುರುತುಪತ್ರದ ಪಟ್ಟಿ ನೇತುಹಾಕಿದರು. ಮೆಕ್ಯಾನಿಕಲ್ ವಿಭಾಗದ ಮುಖ್ಯಸ್ಥ! ಆ ಹುದ್ದೆ ಬಹುಕಾಲದಿಂದ ಖಾಲಿಯಂತೆ. ಕಾಲೇಜು ಮುಚ್ಚಿದರೆ ವರ್ಕ್‌ಶಾಪೂ ಮುಚ್ಚುತ್ತದೆ ಎಂದು ಅವರು ಮೆಲ್ಲಗೆ ಹೇಳಿದಾಗ, ಪಟ್ಟಿ ತೆಗೆಯಲು ಎತ್ತಿದ ಕೈ ಕೆಳಗಿಳಿಯಿತು.

ಕಾರಿನಿಂದಿಳಿದ ಇನ್‌ಸ್ಪೆಕ್ಷನ್ ಕಮಿಟಿಯವರು ವಿಭಾಗದ ಸ್ಥಿತಿ ಕೇಳಿದರು. ಮಾರ್ಚ್ ಅಂತ್ಯದೊಳಗೆ ಸುಧಾರಿಸುತ್ತದೆ ಎಂದೆ. ವಿದ್ಯಾರ್ಥಿಗಳೆಲ್ಲಿ ಎಂದರು. ವಸೂಲಿಗೆ ಹೋಗಿದ್ದಾರೆ ಎಂದುಬಿಟ್ಟೆ. ಪ್ರಿನ್ಸಿಪಾಲರು ಕಣ್ಣು ಮುಚ್ಚಿದರು. ಅಷ್ಟರಲ್ಲಿ ಆ ಸತ್ತ ಕಟ್ಟಡದ ಹೊಟ್ಟೆಯೊಳಗಿಂದ ಯಂತ್ರವೊಂದು ಗುರ್‌ ಎಂದಿತು. ಎಲ್ಲರೂ ಬೆಚ್ಚಿ ಆ ಕಡೆ ನಡೆದೆವು.

ಲೇತ್ ಯಂತ್ರದ ಮುಂದೆ ಗೌರಿ ನಿಂತಿದ್ದಳು. ಮೊಣಕೈವರೆಗೆ ಎಣ್ಣೆ. ಕಬ್ಬಿಣದ ಸುರುಳಿ ಹೊಳೆಯುತ್ತ ಕೆಳಗೆ ಬೀಳುತ್ತಿತ್ತು. ವಿಜಯವಾಡದಿಂದ ಬಂದ ಮೇಲೆ ಅವಳು ನಕ್ಕದ್ದು ಅದೇ ಮೊದಲು. ಕಮಿಟಿಯವರು ಕೇಳಿದ್ದಕ್ಕೆಲ್ಲ ಪಟಪಟ ತೆಲುಗಿನಲ್ಲಿ ಉತ್ತರ ಹೇಳಿದಳು. ನನ್ನ ಕೊರಳಿನ ಪಟ್ಟಿ ನೋಡಿ ಒಂದು ಕ್ಷಣ ಬಾಯಿ ತೆರೆದಳು. ಆಮೇಲೆ, “ಗುಡ್ ಮಾರ್ನಿಂಗ್ ಸಾರ್” ಎಂದಳು. ಹೆತ್ತ ಮಗಳ ಬಾಯಲ್ಲಿ ಆ ಮಾತು ಕೇಳಿ ನನಗೆ ನಿಜಕ್ಕೂ ಸಂಕಟವಾಯಿತು. ಕಮಿಟಿಯವರು ಮಾತ್ರ ತೃಪ್ತರಾಗಿ ಹೋದರು.

ಕೋರ್ಸು ಸಿಕ್ಕಿತು. ಆಮೇಲೆ ನನ್ನ ಶಾಖೆಗೇ ಆಡಿಟ್ ಬಂದು, ಹಲವು ಶನಿವಾರ ವಿಜಯಾ ಗೌರಿಯನ್ನು ಬಸ್ಸಿನಲ್ಲಿ ಗೇಟಿನವರೆಗೆ ಬಿಟ್ಟು ಬಂದಳು. ಬಿಡುವಾದ ಮೇಲೆ ನಾನು ಹೋದೆ. ಮೊಗಸಾಲೆಯಲ್ಲಿ ಫೋಟೋಗಳ ಸಾಲು ಒಂದಷ್ಟು ಬೆಳೆದಿತ್ತು. ಕೊನೆಯ ಫೋಟೋದಲ್ಲಿ ನಾನಿದ್ದೆ. ಕೊರಳಿಗೆ ಕನಕಾಂಬರ!

ಕಮಿಟಿ ಮತ್ತೆ ಬಂದು ಮೆಕ್ಯಾನಿಕಲ್ ಎಚ್‌ಒಡಿ ಎಲ್ಲಿ ಎಂದು ಕೇಳಿತಂತೆ. ತೀರಿಕೊಂಡರು ಎನ್ನದೆ ಪ್ರಿನ್ಸಿಪಾಲರಿಗೆ ಬೇರೆ ದಾರಿ ಇರಲಿಲ್ಲವಂತೆ. ಈಗ ನಾನು ಒಳಗೆ ಕಾಣಿಸಿಕೊಳ್ಳಬಾರದು ಎಂದು ಕೈಮುಗಿದರು.

ಗೌರಿ ತಲೆ ತಗ್ಗಿಸಿ ಹೇಳಿದಳು. “ಹೂವು ನಾನಽ ಏರಸ್ತೀನಪ್ಪಾ. ಇರೂದು ನಾ ಒಬ್ಬಾಕಿನಽ ಸ್ಟೂಡೆಂಟ್. ಅವ್ವಗ ಹೇಳಬ್ಯಾಡ.”

ಹೇಳಲಿಲ್ಲ. ವಿಜಯವಾಡದ ಸಾಲಿನಲ್ಲಿ ಮಗಳು ತಟ್ಟೆ ಹಿಡಿದು ನಿಲ್ಲುವುದಕ್ಕಿಂತ ನಾನು ಗೋಡೆಯ ಮೇಲಿರುವುದೇ ವಾಸಿ ಎನಿಸಿತು. ಈಗ ಶನಿವಾರ ದಾರಿಯಲ್ಲಿ ಹೂವು ನಾನೇ ಕೊಂಡು ಅವಳ ಕೈಗಿಟ್ಟು, ಗೇಟಿನೆದುರಿನ ಚಹಾದಂಗಡಿಯಲ್ಲಿ ಕಾಯುತ್ತೇನೆ.

ಮೊದಲ ಶನಿವಾರವೇ ಎದುರು ಬೆಂಚಿನಲ್ಲಿ ಒಬ್ಬರು ಕುಳಿತಿದ್ದರು. ಅದೇ ಹುರಿಮೀಸೆ! ಲೋಟ ಕೆಳಗಿಟ್ಟು ಮತ್ತೊಮ್ಮೆ ಕೈಮುಗಿದೆ. ಅವರು ನಿಧಾನವಾಗಿ ಚಹಾ ಹೀರಿ ನನ್ನನ್ನು ನೋಡಿದರು.

“ಯಾವ ಡಿಪಾರ್ಟ್‌ಮೆಂಟ್ ಅಂಡಿ?”

“ಮೆಕ್ಯಾನಿಕಲ್” ಎಂದೆ.

“ನಾನು ಸಿವಿಲ್. ಮಗ ಒಳಗೆ ಸರ್ವೆ ಕಲಿಯುತ್ತಿದ್ದಾಗ ಗೋಡೆ ಏರಿದೆ. ಅವನು ಕಲಿತು ಹೋದ, ನನಗೆ ಈ ಚಹಾದ ರೂಢಿ ಬಿಡಲಿಲ್ಲ” ಎಂದು ತೆಲುಗಿನಲ್ಲಿ ಹೇಳಿ, ಪಕ್ಕಕ್ಕೆ ಸರಿದು ಜಾಗ ಮಾಡಿಕೊಟ್ಟರು.

ಹೋಗಿ ಕುಳಿತೆ. ಅವರ ಚಹಾದ ದುಡ್ಡನ್ನೂ ನಾನೇ ಕೊಟ್ಟೆ. ಎಷ್ಟಾದರೂ ಸೀನಿಯರ್ ಅಲ್ಲವೇ.