ಗಡ್ಡದ ರಾಜನ ರೂಪಾಯಿ

ಹಾನಗಲ್ಲ, ಶಿಗ್ಗಾಂವ, ಸವಣೂರ, ಹಿರೇಕೆರೂರ, ಈ ನಾಕೂ ಊರಾಗ ಹಡಗ ಹತ್ತಿ ಪರದೇಶಕ್ಕ ಹೋಗಿ, ಒಯ್ದ ಒಂದ ರೂಪಾಯಿನ ಮುರೀದಂಗ, ಖರ್ಚ ಮಾಡದಂಗ ವಾಪಸ್ ತಂದಾಂವ ನಾನೊಬ್ಬನ! ಕಣ್ಣಾರೆ ಕಂಡವರು ಯಾರೂ ಈಗಿಲ್ಲ, ಸುಳ್ಳು ಅನ್ನವರು ಯಾರು? ಇಂಥಾವು ನನಗ ಆಗ್ತಾನ ಇರ್ತಾವ.

ಎರಡನೇ ಮಹಾಯುದ್ಧಕ್ಕಿಂತ ಮೊದಲಿನ ಮಾತು, ಇಂಗ್ರೇಜರ ಗಡ್ಡದ ರಾಜ ಇನ್ನೂ ಪಟ್ಟದ ಮ್ಯಾಗ ಇದ್ದ. ಶಿಗ್ಗಾಂವಿ ಕಾಳಿನ ಸಾವ್ಕಾರ್ರು ಅರಬರ ಏಡನ್ನಿಗೆ ಹೊಂಟಾಗ ನನ್ನ ಜೋಡಿಗೆ ಕರಕೊಂಡ್ರು. ನಮ್ಮ ಮುದುಕಿ ಅವ್ವ ಗಡ್ಡದ ರಾಜನ ಮುಖ ಇದ್ದ ಬೆಳ್ಳಿ ರೂಪಾಯಿ ನನ್ನ ಉಡದಾರಕ್ಕ ಕಟ್ಟಿ, "ಇದನ್ನ ಮುರೀದಂಗ ತಂದ್ರ ಮನಿ ಕೀಲಿಕೈ ನಿನಗ. ಮುರಿದ್ರ ನಿನ್ನ ತಮ್ಮಗ" ಅಂದ್ಲು.

೧. ಹಡಗಿನ ಸಲಾಮು

ಚಾ ತಂದಾಂವ ಸಲಾಮ್ ಹೊಡದ. ಹಾಸಿಗಿ ಝಾಡಿಸಿದಾಂವ ಸಲಾಮ್ ಹೊಡದ. ನಾನೂ ತಿರುಗಿ ಹೊಡದೆ. ಅವರು ಮತ್ತ ಹೊಡದ್ರು, ನಾನೂ ಮತ್ತ ಹೊಡದೆ.

"ಏ ಹುಚ್ಚಪ್ಪ, ಅವರು ಬಕ್ಷೀಸು ಕೇಳಾಕತ್ತಾರ" ಅಂದ್ರು ಸಾವ್ಕಾರ್ರು.

ರೂಪಾಯಿ ಮುಟ್ಟಂಗಿಲ್ಲ. ಹಸಿ ಅರಿವ್ಯಾಗ ಸುತ್ತಿದ್ದ ಸವಣೂರ ವೀಳ್ಯದೆಲಿ ಬುಟ್ಟಿ ಬಿಚ್ಚಿದೆ. ಒಬ್ಬೊಬ್ಬಗ ಎರಡೆರಡು ಎಲಿ, ಒಂದು ಅಡಕಿ. ಮೂರನೇ ದಿನಕ್ಕ ಹಡಗ ಹೊರಗ ಬಿಳಿ, ಒಳಗ ಕೆಂಪು! ಕಪ್ತಾನ ಧಡಧಡ ಬಂದ. ಬೈತಾನ ಅಂತ ನಾ ಅಂಜಿದ್ರ, ಅಂವಾನೂ ಸಲಾಮ್ ಹೊಡದ!

೨. ಉಂಡವಗ ದಕ್ಷಿಣಿ

ಏಡನ್ನಿನ ಖಾನಾವಳ್ಯಾಗ ಊಟ ಆದಕೂಡ್ಲೆ ಸಾವ್ಕಾರ್ರು ತಾಟಿನ ಬಾಜೂಕ ಎರಡಾಣೆ ಇಟ್ಟು ಎದ್ದು ಹೋಗೋರು. ನಾ ಜಾತಿಲೆ ಅಯ್ಯಾ, ಜಂಗಮ. ನಮ್ಮ ಕಡೆ ಉಂಡ ಅಯ್ಯಾಗ ದಕ್ಷಿಣಿ ಕೊಡೂದು ಪದ್ಧತಿ. 'ಕೈಯಾಗ ಕೊಡಾಕ ನಾಚ್ತಾರ' ಅನಕೊಂಡು ದಿನಾ ಎತ್ತಿಕೊಂಡೆ, ಮನಸ್ಸಿನಾಗ ಆಶೀರ್ವಾದನೂ ಮಾಡಿದೆ.

ಮೊದಲನೇ ದಿನ ನಾಕು ಚಪಾತಿ ಹಾಕಿದಾಂವ ಮರದಿನ ಮೂರು ಹಾಕಿದ. ಆಮ್ಯಾಲ ಎರಡು. ಕಡೀಕ ಒಂದ! ಸಾವ್ಕಾರ್ರ ಮುಂದ ಗೋಳಾಡಿದೆ.

"ದಿನಾ ಎರಡಾಣೆ ಇಡ್ತೇನಲ್ಲೋ, ಬಡಸಾವಗ?"

"ಬಡಿಸಿದವಗ ದಕ್ಷಿಣಿ? ಹಂಗಾರ ಉಂಡಾಂವ ಏನ ಪಾಪ ಮಾಡ್ಯಾನ್ರಿ?"

೩. ತುಟ್ಟಿ ಕ್ಷೌರ

ಆ ಊರಾಗ ಕುಡಿಯೋ ನೀರಿಗೂ ರೊಕ್ಕ. ನೀರು ತುಟ್ಟಿ, ಅದಕ್ಕ ಕ್ಷೌರನೂ ತುಟ್ಟಿ. ಮ್ಯಾಲ ಬಕ್ಷೀಸು ಬ್ಯಾರೆ. ನಾ ಗಡ್ಡ ಬಿಟ್ಟೆ. ಊರಿಗೆ ಬಂದಾಗ ಅವ್ವ "ಯಾವ ಮಠದ ಸ್ವಾಮಿಗಳ್ರಿ?" ಅಂತ ಕಾಲಿಗೆ ಬೀಳಾಕ ಬಂದ್ಲು! ರೂಪಾಯಿ ಕೈಯಾಗಿಟ್ಟೆ. ಕೀಲಿಕೈ ನನ್ನ ಸೊಂಟಕ್ಕ ಬಂತು, ರೂಪಾಯಿನೂ ವಾಪಸ್ ಬಂತು.

ಮೊನ್ನೆ ಕಟ್ಟಿ ಮ್ಯಾಗ ಇದನ್ನೆಲ್ಲ ಹೇಳಿ, "ಅದ ರೂಪಾಯಿ, ನೋಡ್ರಿ!" ಅಂತ ಸಾಲಿ ಮಾಸ್ತರ ಕೈಯಾಗ ಕೊಟ್ಟೆ. ಅವರು ಹೊಳ್ಳಿಸಿ ಹೊಳ್ಳಿಸಿ ನೋಡಿದ್ರು.

"ಅಜ್ಜಾರ, ನಿಮ್ಮವ್ವ ಕೊಟ್ಟಿದ್ದು ಗಡ್ಡದ ರಾಜಂದು ಅಂದ್ರಿ. ಇದು ಅವನ ಮಗಂದು. ಗಡ್ಡಾನೂ ಇಲ್ಲ, ಮೀಸಿನೂ ಇಲ್ಲ. ಇಂವ ಪಟ್ಟಕ್ಕ ಬರೂಕಿಂತ ಮೊದಲ ನೀವು ಏಡನ್ನಿಂದ ಬಂದಾಗಿತ್ತು!"

ಕಟ್ಟಿ ಮ್ಯಾಗ ಕುಂತವರೆಲ್ಲ ನನ್ನ ಮುಖ ನೋಡಿದ್ರು. ನಾ ಹೆಗಲ ಮ್ಯಾಲಿನ ವಲ್ಲಿ ಝಾಡಿಸಿದೆ.

"ಅದಕ್ಕೇನಾತ್ರಿ ಮಾಸ್ತರ? ನಾ ಬಡವ, ಗಡ್ಡ ಬಿಟ್ಟೆ; ಅಂವ ರಾಜ, ತಗಸಿಕೊಂಡ. ಅಲ್ಲಿ ಕ್ಷೌರ ತುಟ್ಟಿ ಅಂತ ಆಗಳೇ ಹೇಳಲಿಲ್ಲೇನು?"