ಶಿಬಿರದ ಪರಿಣಾಮ ನೋಡಲು ಬಂದ ಸಾಹೇಬರು

ಬೇರೆ ಮೇಷ್ಟರು ಪಾಠ ಹೇಳಿದರೆ ಮಕ್ಕಳು ಮರೆತುಬಿಡುತ್ತಾರೆ. ನಾನು ಹೇಳಿದರೆ ಮಾಡಿಬಿಡುತ್ತಾರೆ. ಕೆಲಸದಲ್ಲಿದ್ದಷ್ಟು ಕಾಲವೂ ನನ್ನ ಎದೆ ಧಸಕ್ಕೆಂದದ್ದೆಲ್ಲ ಈ ಒಂದು ಪ್ರತಿಭೆಯಿಂದಲೇ.

ಎಂಬತ್ತರ ದಶಕ. ತುರುವೇಕೆರೆ ಕಡೆಯ ಹಳ್ಳಿ ಶಾಲೆಗೆ ನಾನು ವಿಜ್ಞಾನದ ಮೇಷ್ಟ್ರು. ಮೂರು ತಾಲ್ಲೂಕಿನಲ್ಲಿ ನನ್ನಷ್ಟು ಗಿಡಮರ ಬಲ್ಲವನು ಇರಲಿಲ್ಲ. ಇದ್ದಿದ್ದರೂ ಅವನಿಗೆ ನಾನು ಬಾಯಿ ತೆರೆಯಲು ಬಿಡುತ್ತಿರಲಿಲ್ಲ. ಮಕ್ಕಳನ್ನು ಬೋರನಕಣಿವೆ ಜಲಾಶಯದ ಕಡೆಗೆ ಕರೆದೊಯ್ದು ಮೂರು ದಿನ ನಿಸರ್ಗ ಶಿಬಿರ ನಡೆಸಿದೆ. ಐದಾರು ತಿಂಗಳ ಮೇಲೆ ವಿದ್ಯಾ ಇಲಾಖೆಯಿಂದ ಕಾಗದ ಬಂತು: ಶಿಬಿರದಿಂದ ಮಕ್ಕಳ ಮೇಲೆ ಏನು ಪರಿಣಾಮವಾಗಿದೆಯೆಂದು ನೋಡಲು ಸಾಹೇಬರು ಬರುತ್ತಾರೆ, ಅವರು ಒಪ್ಪಿದರಷ್ಟೇ ಮುಂದಿನ ವರ್ಷವೂ ಶಿಬಿರ. ನಾನೋ, ಮುಂದಿನ ವರ್ಷ ಇನ್ನೂ ದೊಡ್ಡದಾಗಿ ಮಾಡುತ್ತೇನೆಂದು ಊರೆಲ್ಲ ಸಾರಿಯಾಗಿತ್ತು.

೧. ಹಾವು

ಸಾಹೇಬರು ಮೊದಲು ಒಬ್ಬ ಹುಡುಗನ ತಾಯಿಯನ್ನು ಕೇಳಿದರು: "ಏನಮ್ಮಾ, ಮಗನಲ್ಲಿ ಏನಾದ್ರೂ ಬದಲಾವಣೆ ಕಂಡಿತಾ?"

"ಬದಲಾವಣೆನಾ! ಮೊನ್ನೆ ಅಡಿಗೆಮನೆಗೆ ನಾಗರಾವು ಬಂತು ಸ್ವಾಮಿ. ನಾನು ಒಲೆಕಟ್ಟೆ ಹತ್ತಿ ಕುಂತೆ. ಇವ್ನು ಬಾಗ್ಲಲ್ಲಿ ಕುಕ್ಕರುಗಾಲಲ್ಲಿ ಕುಂತ್ಕಂಡು, 'ಕೂಗ್‌ಬ್ಯಾಡ ಕಣವ್ವಾ, ಹೆಡೆ ಮೇಲಿನ ಗುರ್ತು ಬರ್ಕತಾ ಇವ್ನಿ' ಅಂದ!"

ಸಾಹೇಬರ ಮುಖ ಬಿಳಿಚಿಕೊಂಡಿತು. "ವೀಕ್ಷಣಾ ಶಕ್ತಿ ಸಾರ್," ಎಂದೆ ನಾನು, ಮೀಸೆ ನೇವರಿಸಿಕೊಂಡು.

"ಮುಂಚೆ ದೊಣ್ಣೆ ತತ್ತಿದ್ದ ಸ್ವಾಮಿ," ಎಂದಳು ತಾಯಿ, "ಈಗ ಪೆನ್ಸಿಲ್ ತತ್ತಾನೆ."

೨. ಮರ

ಮಕ್ಕಳನ್ನೇ ಪರೀಕ್ಷಿಸೋಣವೆಂದು ಸಾಹೇಬರು ಹಾದಿಬದಿಯ ದೊಡ್ಡ ಹುಣಸೆಮರದಡಿ ನಿಂತರು. "ಈ ಮರದ ವಿಚಾರ ಏನು ಗೊತ್ತು ಹೇಳಿ ನೋಡೋಣ."

ಎಲೆ, ಹೂವು, ಬೇರು ಎಲ್ಲ ಬರುತ್ತದೆಂದು ನಾನು ಎದೆಯುಬ್ಬಿಸಿದೆ. ಒಬ್ಬ ಹುಡುಗಿ ಕೈಕಟ್ಟಿ ಹೇಳಿದಳು: "ಇದು ಅಣ್ಣತಮ್ಮಂದಿರ ವ್ಯಾಜ್ಯದ ಮರ ಸಾ. ಬೇರು ದೊಡ್ಡೋನ ಹೊಲದಲ್ಲೈತೆ, ಕೊಂಬೆ ಚಿಕ್ಕೋನ ಹೊಲದಲ್ಲೈತೆ. ಕೋರ್ಟಿನಲ್ಲೈತೆ."

"ಇದನ್ನ ಶಿಬಿರದಲ್ಲಿ ಹೇಳಿಕೊಟ್ರಾ?"

"ಇಲ್ಲ ಸಾ, ಇದು ಮುಂಚೆನೇ ಗೊತ್ತು. ನೀವು ಈಕಡಿಕ್ಕೆ ಬನ್ನಿ ಸಾ. ಅದರಡಿ ನಿಂತೋರ್ನೆಲ್ಲ ಸಾಕ್ಷಿಗೆ ಕರೀತಾರೆ."

ಅಷ್ಟು ದಪ್ಪನೆಯ ಮನುಷ್ಯ ಅಷ್ಟು ದೂರ ನೆಗೆದದ್ದನ್ನು ನಾನು ಅದಕ್ಕೆ ಮುಂಚೆಯೂ ಕಂಡಿಲ್ಲ, ಆಮೇಲೂ ಕಂಡಿಲ್ಲ.

೩. ಅಟ್ಟ

ಶಿಬಿರ ಕೈತಪ್ಪಿತೆಂದು ನನಗೆ ಬೆವರಿಳಿಯಿತು. "ಸಾರ್, ನಿಜವಾದ ಪರಿಣಾಮ ನೋಡಬೇಕಾದರೆ ನಮ್ಮ ಮನೆಗೇ ಬನ್ನಿ. ಅಣ್ಣನ ಮಗಳು ನನ್ನ ನಂಬರ್ ಒನ್ ಶಿಷ್ಯೆ," ಎಂದು ಎಳೆದುಕೊಂಡು ಹೋದೆ.

ನಮ್ಮ ಕಡೆ ಎಲ್ಲರ ಮನೆಯಲ್ಲಿರುವಂತೆ ನಮ್ಮಲ್ಲೂ ನಡುಮನೆಯ ಮೇಲೆ ಅಟ್ಟ, ಅಟ್ಟದ ತುಂಬ ತೆಂಗಿನಕಾಯಿ. ವರ್ಷ ಕಳೆಯುವ ಹೊತ್ತಿಗೆ ಒಳಗಿನ ನೀರು ಬತ್ತಿ, ಕಾಯಿ ಉಂಡೆ ಕೊಬ್ಬರಿಯಾಗಿ, ಅಲ್ಲಾಡಿಸಿದರೆ ಗಡಗಡ ಅನ್ನಬೇಕು. ಅಲ್ಲಿಯವರೆಗೆ ಅದಕ್ಕೆ ಒಂದು ಹನಿ ನೀರೂ ತಾಕಬಾರದು; ತಾಕಿದರೆ ಕೊಬ್ಬರಿಯೂ ಇಲ್ಲ, ವರ್ಷದ ದುಡ್ಡೂ ಇಲ್ಲ.

ಸಾಹೇಬರು ಕೂತು ಕಾಫಿ ಲೋಟ ಎತ್ತಿದರು. ಟಪ್. ಅವರ ಬೋಳುತಲೆಯ ಮೇಲೆ ಒಂದು ಹನಿ. ಟಪ್, ಟಪ್. ಹೊರಗೆ ಸುಡುಬಿಸಿಲು.

"ಮಳೆನಾ?" ಎಂದರು ಅವರು.

ಅಣ್ಣ ಮೇಲೆ ನೋಡಿ ಏಣಿಯತ್ತ ಕೈತೋರಿದ. ನಾನು ಏಣಿ ಹತ್ತಿದೆ. ಅಟ್ಟದ ಮೇಲೆ ಗೇಣುದ್ದ ಹಸಿರು! ಕಾಯಿಗಳೆಲ್ಲ ಮೊಳೆತು ನಿಂತಿವೆ, ನಡುವೆ ಬಿಂದಿಗೆ ಹಿಡಿದ ನಮ್ಮ ಹುಡುಗಿ.

"ನೀವೇ ಹೇಳಿದ್ರಲ್ಲ ಚಿಕ್ಕಪ್ಪಾ, ಬೀಜ ಅಂದ್ರೆ ಮಲಗಿರೋ ಮರ, ದಿನಾ ನೀರು ಹಾಕಿ ಎಬ್ಬಿಸ್ಬೇಕು ಅಂತ. ದಿನಾ ಒಂದೊಂದು ಚೊಂಬು ಚಿಮುಕಿಸ್ತಿದ್ದೆ. ಸಾಹೇಬ್ರು ಬತ್ತಾರೆ ಅಂತ ಇವತ್ತು ಒಂದು ಬಿಂದಿಗೆ ಸುರಿದೆ."

ಕೆಳಗೆ ಅಣ್ಣ ಏಣಿಯ ಬುಡಕ್ಕೆ ಬಂದು ನಿಂತ. "ಲೇ, ಇಳಿಯೋ ಕೆಳಕ್ಕೆ," ಎಂದ ಮೆಲ್ಲಗೆ. ಆ ಮೆಲುದನಿ ಕೇಳಿ ನಾನು ಸಂಜೆಯವರೆಗೂ ಇಳಿಯಲಿಲ್ಲ.

ಸಾಹೇಬರು ತಲೆ ಒರೆಸಿಕೊಂಡು ಅಲ್ಲೇ ವರದಿ ಬರೆದು, ಅಟ್ಟದ ಮೇಲಿದ್ದ ನನಗೆ ಕೇಳುವಂತೆ ಓದಿದರು: "ಶಿಬಿರದ ಪರಿಣಾಮ ನಿರೀಕ್ಷೆಗೂ ಮೀರಿದೆ. ಮುಂದಿನ ವರ್ಷವೂ ತಪ್ಪದೆ ನಡೆಸಬೇಕು, ಇದೇ ಮೇಷ್ಟರೇ ನಡೆಸಬೇಕು."

ನಾನು ಅಟ್ಟದ ಮೇಲೇ ಎದೆಯುಬ್ಬಿಸಿದೆ. ಸಾಹೇಬರು ಪುಟ ತಿರುವಿ ಕೊನೆಯ ಸಾಲು ಓದಿದರು:

"ಆದರೆ ತೆಂಗು ಬೆಳೆಯದ ತಾಲ್ಲೂಕಿನಲ್ಲಿ."